ಯಾವ ಪಂಪು ಕೆಟ್ಟಿರಬಹುದು? ಮುನ್ಸೂಚನೆಯ ಮಾದರಿ ಕಟ್ಟಲು ಹೊರಟವರಿಗೆ

ತಾಂಜಾನಿಯಾದ ಹಳ್ಳಿಗಳಲ್ಲಿ ಜನ ನೀರು ಹಿಡಿಯುವ 59,400 ತಾಣಗಳ ವಿವರ ಒಂದು ಸಿಎಸ್‌ವಿ ಫೈಲಿನಲ್ಲಿ ಸಿಗುತ್ತದೆ. ಅಲ್ಲಿನ ಜಲ ಸಚಿವಾಲಯ ಮತ್ತು ಟಾರಿಫಾ ಎಂಬ ಮುಕ್ತ ವೇದಿಕೆಯಿಂದ ಬಂದ ಮಾಹಿತಿ ಇದು. ಅಮೆರಿಕದ ಡ್ರಿವನ್‌ಡೇಟಾ ಸಂಸ್ಥೆ ಇದನ್ನು ಕಲಿಯುವವರ ಸ್ಪರ್ಧೆಗಾಗಿ ತೆರೆದಿಟ್ಟಿದೆ. ಒಂದೊಂದು ಸಾಲಿಗೂ ಒಂದೊಂದು ತಾಣ: ಎಲ್ಲಿದೆ, ಯಾರು ಹಣ ಕೊಟ್ಟರು, ಯಾವ ವರ್ಷ ಕಟ್ಟಿದರು, ನೀರಿಗೆ ಜನ ದುಡ್ಡು ಕಟ್ಟುತ್ತಾರೆಯೇ ಇಲ್ಲವೇ. ಇದರ ಜೊತೆ ಸರ್ವೆಗೆ ಹೋದವರು ಬರೆದುಕೊಂಡ ಸ್ಥಿತಿಯೂ ಇದೆ. ಕೆಲಸ ಮಾಡುತ್ತಿರುವವು 32,259. ಕೆಲಸ ಮಾಡುತ್ತಿದ್ದರೂ ರಿಪೇರಿ ಬೇಕಾದವು 4,317. ಕೆಟ್ಟು ನಿಂತವು 22,824.

ಆ ಪಟ್ಟಿಯ ಪಂಪುಗಳ ಹೆಸರುಗಳಲ್ಲಿ ನಮಗೆ ಪರಿಚಿತವಾದವೂ ಇವೆ. ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ಅಲ್ಲಿನ ಸಾವಿರಾರು ತಾಣಗಳಲ್ಲಿದೆ. ಗಡಿಯಾಚೆಯ ಸೊಲ್ಲಾಪುರದಲ್ಲಿ ರೂಪುಗೊಂಡ ಕೈಪಂಪನ್ನು ಆಧರಿಸಿ, 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ತಯಾರಾದದ್ದು ಇದು. ನಮ್ಮ ಊರಿನ ಶಾಲೆ, ದೇವಸ್ಥಾನಗಳ ಎದುರು ನಿಂತಿರುವುದೂ ಇದೇ ಪಂಪು. ನಮ್ಮ ರೈತರ ಬಾಯಲ್ಲಿ ಓಡಾಡುವ ಕೆಎಸ್‌ಬಿ ಹೆಸರೂ ಅದೇ ಕಾಲಂನಲ್ಲಿದೆ.

ಸರ್ಕಾರದ ಅಥವಾ ಸಾರ್ವಜನಿಕ ಕೆಲಸದ ಸಮಸ್ಯೆಗಳಿಗೆ ಮುನ್ಸೂಚನೆಯ ಮಾದರಿ ಕಟ್ಟುವುದನ್ನು ಕಲಿಯಬೇಕೆನ್ನುವವರಿಗೆ ನಾನು ಸೂಚಿಸುವ ಮೊದಲ ಅಭ್ಯಾಸ ಈ ಫೈಲು. ಇದರಲ್ಲಿ ಯಾರ ವೈಯಕ್ತಿಕ ಗುಟ್ಟೂ ಇಲ್ಲ, ತಪ್ಪಾದರೆ ಯಾರ ಪಿಂಚಣಿಯೂ ನಿಲ್ಲುವುದಿಲ್ಲ. ಆದರೆ ನಿಜವಾದ ಕೆಲಸದಲ್ಲಿ ಎದುರಾಗುವ ತೊಡಕುಗಳೆಲ್ಲ ಇಲ್ಲಿವೆ. ಪ್ರೋಗ್ರಾಮಿಂಗ್ ಬಾರದವರೂ ಒಂದು ವಾರಾಂತ್ಯದಲ್ಲಿ ಮೊದಲ ಮಾದರಿ ಕಟ್ಟಿಬಿಡಬಹುದು. ಆ ಮಾದರಿಯನ್ನು ನಂಬಬಹುದೇ ಎಂದು ತಿಳಿಯಲು ಮಾತ್ರ ಹೆಚ್ಚು ಸಮಯ ಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಜಾನ್ ಕ್ಲೈನ್‌ಬರ್ಗ್, ಜೆನ್ಸ್ ಲುಡ್ವಿಗ್, ಸೆಂಧಿಲ್ ಮುಲ್ಲೈನಾಥನ್, ಜಿಯಾದ್ ಓಬರ್‌ಮೈಯರ್ ಎಂಬ ನಾಲ್ವರು 2015ರಲ್ಲಿ ಒಂದು ಚಿಕ್ಕ ಪ್ರಬಂಧ ಬರೆದರು. ನೀತಿಯ ಪ್ರಶ್ನೆಗಳಲ್ಲಿ ಎರಡು ಜಾತಿ ಇವೆ ಎನ್ನುವುದು ಅವರ ವಾದ. ಬರ ಬಿದ್ದಾಗ ಮಳೆಗಾಗಿ ಕುಣಿಯಬೇಕೇ ಎನ್ನುವುದು ಒಂದು. ನಮ್ಮ ಕಡೆ ಅದನ್ನು ಕಪ್ಪೆ ಮದುವೆ ಮಾಡಿಸಬೇಕೇ ಎಂದು ಕೇಳಬಹುದು. ಉತ್ತರಿಸಲು, ಆ ಕ್ರಿಯೆಯಿಂದ ಮಳೆ ಬರುತ್ತದೆಯೇ ಎಂಬುದು ಗೊತ್ತಿರಬೇಕು. ಇನ್ನೊಂದು, ಹೊರಡುವಾಗ ಕೊಡೆ ಹಿಡಿದುಕೊಳ್ಳಬೇಕೇ ಎನ್ನುವುದು. ಅದಕ್ಕೆ ಮಳೆ ಏಕೆ ಬರುತ್ತದೆ ಎಂಬ ಜ್ಞಾನ ಬೇಡ, ಇಂದು ಬರುತ್ತದೆಯೇ ಎಂಬ ಅಂದಾಜು ಸಾಕು. ಮುನ್ಸೂಚನೆಯ ಮಾದರಿಗಳು ನೆರವಾಗುವುದು ಈ ಎರಡನೆಯ ಜಾತಿಯ ಪ್ರಶ್ನೆಗಳಿಗೆ.

ಹಾಗಾಗಿ ಯಾವ ತಂತ್ರಾಂಶವನ್ನೂ ತೆರೆಯುವ ಮೊದಲು ಕಾಗದದ ಮೇಲೆ ಒಂದು ವಾಕ್ಯ ಬರೆಯಿರಿ. ಈ ಸಂಖ್ಯೆಯನ್ನು ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ, ಎಷ್ಟು ಕಡೆ ಮಾಡುವ ಶಕ್ತಿ ಅವರಿಗಿದೆ ಎಂಬ ನಾಲ್ಕೂ ಆ ವಾಕ್ಯದಲ್ಲಿರಲಿ. ನಮ್ಮ ಅಭ್ಯಾಸಕ್ಕೆ ಹೀಗೆ ಬರೆದುಕೊಳ್ಳೋಣ: 'ರಿಪೇರಿ ತಂಡ ಈ ತಿಂಗಳು 200 ತಾಣಗಳಿಗೆ ಮಾತ್ರ ಹೋಗಬಲ್ಲದು, ಸರ್ವೆಯವರು ಇನ್ನೂ ತಲುಪದ ಪ್ರದೇಶದಲ್ಲಿ ಯಾವ 200 ತಾಣಗಳು ಕೆಟ್ಟಿರುವ ಸಾಧ್ಯತೆ ಹೆಚ್ಚು ಎಂಬುದನ್ನು ಹೊರಡುವ ಮುಂಚೆಯೇ ತಂಡದ ಮುಖ್ಯಸ್ಥರಿಗೆ ತಿಳಿಸಬೇಕು.'

ಈ ವಾಕ್ಯ ಮುಂದಿನ ಪ್ರತಿ ಹೆಜ್ಜೆಯಲ್ಲೂ ಬೇಕಾಗುತ್ತದೆ. ಇದನ್ನು ಬರೆಯಲಾಗದಿದ್ದರೆ ಮಾದರಿ ಕಟ್ಟಬೇಡಿ ಎಂದೇ ನಾನು ಹೇಳುತ್ತೇನೆ. 'ನೀರಿನ ಸಮಸ್ಯೆಗೆ ಎಐ ಬಳಸುತ್ತೇವೆ' ಎಂಬಷ್ಟಕ್ಕೇ ನಿಂತ ಯೋಜನೆಯಿಂದ ಬಣ್ಣದ ನಕ್ಷೆ ಸಿಗಬಹುದು, ರಿಪೇರಿಯಾದ ಪಂಪು ಸಿಗುವುದಿಲ್ಲ.

ಸಾಧನ: ಆರೆಂಜ್

ಆರಂಭಕ್ಕೆ ಆರೆಂಜ್ ಎಂಬ ತಂತ್ರಾಂಶ ಒಳ್ಳೆಯದು. ಸ್ಲೊವೇನಿಯಾ ದೇಶದ ಲ್ಯೂಬ್ಲಿಯಾನಾ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು, ಉಚಿತ, ಮುಕ್ತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇಲ್ಲಿ ಕೋಡ್ ಬರೆಯುವುದಿಲ್ಲ. ಖಾಲಿ ಕ್ಯಾನ್ವಾಸ್ ಮೇಲೆ 'ವಿಜೆಟ್' ಎಂಬ ಚಿಕ್ಕ ಚಿಹ್ನೆಗಳನ್ನು ಎಳೆದಿಟ್ಟು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತೀರಿ. ಮಾಹಿತಿ ಆ ಗೆರೆಯುದ್ದಕ್ಕೂ ಹರಿಯುತ್ತದೆ. ಪ್ರತಿ ಹಂತದಲ್ಲಿ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದರಿಂದ ಕಚೇರಿಯ ಸಹೋದ್ಯೋಗಿಗೋ ಪಂಚಾಯಿತಿ ಸದಸ್ಯರಿಗೋ ಕೂರಿಸಿಕೊಂಡು ತೋರಿಸುವುದು ಸುಲಭ. ಆರ್, ಪೈಥಾನ್ ಬಲ್ಲವರು ಅವುಗಳಲ್ಲೇ ಮಾಡಬಹುದು. ಮುಂದೆ ಹೇಳುವ ಎಚ್ಚರಿಕೆಗಳು ಅವರಿಗೂ ಅಷ್ಟೇ ಅನ್ವಯಿಸುತ್ತವೆ.

ಡ್ರಿವನ್‌ಡೇಟಾದಲ್ಲಿ ಖಾತೆ ತೆರೆದರೆ ಕಲಿಕೆಗೆ ಎರಡು ಫೈಲು ಸಿಗುತ್ತವೆ. ಒಂದರಲ್ಲಿ ತಾಣಗಳ ವಿವರ, ಇನ್ನೊಂದರಲ್ಲಿ ಅವುಗಳ ಸ್ಥಿತಿ. ಎರಡನ್ನೂ 'ಸಿಎಸ್‌ವಿ ಫೈಲ್ ಇಂಪೋರ್ಟ್' ವಿಜೆಟ್‌ಗಳಲ್ಲಿ ತೆರೆದು, 'ಮರ್ಜ್ ಡೇಟಾ' ವಿಜೆಟ್‌ಗೆ ಜೋಡಿಸಿ, ಐಡಿ ಕಾಲಂ ಆಧಾರದ ಮೇಲೆ ಹೊಂದಿಸಿ. 'ಡೇಟಾ ಟೇಬಲ್' ತೆರೆದು 59,400 ಸಾಲು ಬಂದಿವೆಯೇ ನೋಡಿ. ಆಮೇಲೆ 'ಸೆಲೆಕ್ಟ್ ಕಾಲಮ್ಸ್' ವಿಜೆಟ್‌ನಲ್ಲಿ ಸ್ಥಿತಿಯ ಕಾಲಂ ಅನ್ನು ಟಾರ್ಗೆಟ್ ಜಾಗಕ್ಕೂ ಐಡಿಯನ್ನು ಮೆಟಾ ಜಾಗಕ್ಕೂ ಎಳೆದು ಹಾಕಿ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ 'ಡೇಟಾ ಸ್ಯಾಂಪ್ಲರ್' ಬಳಸಿ ಸುಮಾರು 10,000 ಸಾಲುಗಳ ಮೇಲೆ ಅಭ್ಯಾಸ ಮಾಡಿ. ಇಡೀ ಫೈಲಿನ ಸರದಿ ಕೊನೆಗೆ ಬರಲಿ.

ಸೊನ್ನೆಗಳನ್ನು ನಂಬಬೇಡಿ

ಮಾದರಿಯ ಕಡೆ ಓಡುವ ಮುನ್ನ ಕಾಲಂಗಳನ್ನು ಒಂದೊಂದಾಗಿ ನೋಡಬೇಕು. 'ಡಿಸ್ಟ್ರಿಬ್ಯೂಷನ್ಸ್' ವಿಜೆಟ್‌ನಲ್ಲಿ ನಿರ್ಮಾಣದ ವರ್ಷ ತೆರೆಯಿರಿ. 20,709 ತಾಣಗಳಲ್ಲಿ ವರ್ಷ 0 ಎಂದಿದೆ. ವರ್ಷ ಗೊತ್ತಿಲ್ಲ ಎಂಬುದನ್ನೇ ಯಾರೋ ಸೊನ್ನೆ ಎಂದು ತುಂಬಿದ್ದಾರೆ. ಹಾಗೆಯೇ ಬಿಟ್ಟರೆ ಈ ಪಂಪುಗಳು ಎರಡು ಸಾವಿರ ವರ್ಷ ಹಳೆಯವೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 1,812 ತಾಣಗಳ ರೇಖಾಂಶ ಸೊನ್ನೆ. ಆಡ್-ಆನ್‌ಗಳ ಪಟ್ಟಿಯಿಂದ 'ಜಿಯೋ' ಹಾಕಿಕೊಂಡು ನಕ್ಷೆಯಲ್ಲಿ ನೋಡಿದರೆ ಇವೆಲ್ಲ ತಾಂಜಾನಿಯಾದಿಂದ ದೂರ, ಆಫ್ರಿಕಾದ ಇನ್ನೊಂದು ಬದಿಯ ಗಿನಿ ಕೊಲ್ಲಿಯ ನೀರಿನಲ್ಲಿ ಒಂದೇ ಚುಕ್ಕೆಯಾಗಿ ಬಿದ್ದಿರುತ್ತವೆ. ಜನಸಂಖ್ಯೆಯ ಕಾಲಂನಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೊನ್ನೆಗಳೇ.

ಇವನ್ನು ಸರಿಪಡಿಸುವ ಸುಲಭ ದಾರಿ ಎಂದರೆ ಮೂಲ ಫೈಲಿನ ಪ್ರತಿಯನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಆ ಕಾಲಂಗಳ ಸೊನ್ನೆಯನ್ನು ಖಾಲಿ ಮಾಡುವುದು. ಹುಡುಕಿ ಬದಲಿಸುವಾಗ 'ಇಡೀ ಸೆಲ್ ಹೊಂದಬೇಕು' ಎಂಬ ಆಯ್ಕೆಗೆ ಗುರುತು ಹಾಕಲು ಮರೆಯಬೇಡಿ, ಇಲ್ಲವಾದರೆ 2010 ಇದ್ದದ್ದು 21 ಆಗಿಬಿಡುತ್ತದೆ. ಖಾಲಿ ಸೆಲ್ ಅನ್ನು ಆರೆಂಜ್ 'ಮಾಹಿತಿ ಇಲ್ಲ' ಎಂದೇ ಓದುತ್ತದೆ. ಬೇಕಿದ್ದರೆ 'ಇಂಪ್ಯೂಟ್' ವಿಜೆಟ್‌ನಲ್ಲಿ ಅದಕ್ಕೊಂದು ಸಮಂಜಸ ಬೆಲೆ ತುಂಬಬಹುದು. ಆದರೆ ಯಾವ ಪ್ರದೇಶಗಳಲ್ಲಿ ವರ್ಷ ದಾಖಲಾಗಿಲ್ಲ ಎಂಬುದನ್ನು ಮೊದಲು ಗಮನಿಸಿ. ಮಾಹಿತಿ ಇಲ್ಲದಿರುವುದೂ ಬಹಳ ಸಲ ಆಡಳಿತದ ಬಗ್ಗೆ ಏನನ್ನೋ ಹೇಳುತ್ತಿರುತ್ತದೆ.

ಕೆಲವು ಕಾಲಂಗಳನ್ನು ತೆಗೆದೇಬಿಡಬಹುದು. ಯಾರು ದಾಖಲಿಸಿದರು ಎಂಬ ಕಾಲಂನಲ್ಲಿ ಎಲ್ಲ ಸಾಲುಗಳಲ್ಲೂ ಒಂದೇ ಹೆಸರು. ನೀರಿನ ಪ್ರಮಾಣ ಮತ್ತು ಪ್ರಮಾಣದ ಗುಂಪು ಒಂದೇ ಸಂಗತಿಯನ್ನು ಎರಡು ಸಲ ಹೇಳುತ್ತವೆ, ಪಾವತಿ ಮತ್ತು ಪಾವತಿಯ ವಿಧವೂ ಹಾಗೆಯೇ. ಹಣ ಕೊಟ್ಟವರು, ಕಟ್ಟಿದವರು, ತಾಣದ ಹೆಸರು, ಉಪಗ್ರಾಮ ಇವುಗಳಲ್ಲಿ ಸಾವಿರಾರು ಬೇರೆ ಬೇರೆ ಹೆಸರುಗಳಿವೆ. ಮೊದಲ ಸುತ್ತಿನಲ್ಲಿ ಅವುಗಳನ್ನು ಬದಿಗಿಡಿ.

ಮುಂಚೆ ಗೊತ್ತಿರುವುದು, ಹೋದ ಮೇಲೆ ಗೊತ್ತಾಗುವುದು

ಈಗ 'ರ‍್ಯಾಂಕ್' ವಿಜೆಟ್ ಹಾಕಿ ನೋಡಿದರೆ ಪಂಪಿನ ಸ್ಥಿತಿಯನ್ನು ಚೆನ್ನಾಗಿ ಊಹಿಸುವ ಕಾಲಂಗಳ ಮೇಲ್ತುದಿಯಲ್ಲಿ ನೀರಿನ ಪ್ರಮಾಣ ಬಂದು ನಿಲ್ಲುತ್ತದೆ. ಕಾರಣ ಸರಳ. 'ಒಣಗಿದೆ' ಎಂದು ಬರೆದಿರುವ ತಾಣಗಳು ಹೆಚ್ಚುಕಡಿಮೆ ಎಲ್ಲವೂ ಕೆಟ್ಟು ನಿಂತವುಗಳ ಲೆಕ್ಕದಲ್ಲಿವೆ.

ಇಲ್ಲಿ ಕಾಗದದ ವಾಕ್ಯವನ್ನು ಮತ್ತೆ ಓದಿ. ತಂಡ ಹೊರಡುವ ಮುಂಚೆಯೇ ಪಟ್ಟಿ ಬೇಕು. ನೀರು ಒಣಗಿದೆ ಎಂಬುದು ಆಗ ಯಾರಿಗೆ ಗೊತ್ತಿರುತ್ತದೆ? ಅಲ್ಲಿಗೆ ಹೋಗಿ, ಹಿಡಿಕೆ ಹೊಡೆದು ನೋಡಿದವರು ಅದೇ ಭೇಟಿಯಲ್ಲಿ ಎರಡು ಕಾಲಂಗಳನ್ನೂ ತುಂಬಿದ್ದಾರೆ. ಅಂಥ ಕಾಲಂ ಇಟ್ಟುಕೊಂಡು ಮಾದರಿ ಕಟ್ಟಿದರೆ ಅಂಕ ಚೆನ್ನಾಗಿ ಬರುತ್ತದೆ, ಬಳಸುವ ದಿನ ಕೈಕೊಡುತ್ತದೆ. ಈ ಕ್ಷೇತ್ರದವರು ಇದನ್ನು ಲೀಕೇಜ್ ಎನ್ನುತ್ತಾರೆ. ಹಾಗಾಗಿ ಪ್ರತಿ ಕಾಲಂನ ಎದುರು 'ನಿರ್ಧಾರದ ದಿನ ಇದು ನಮ್ಮ ಕೈಯಲ್ಲಿರುತ್ತದೆಯೇ' ಎಂದು ಬರೆದು, ಇರುವುದಿಲ್ಲ ಎಂದಾದರೆ ತೆಗೆದುಹಾಕಿ. ನೀರಿನ ಪ್ರಮಾಣ ಹೋಗಲೇಬೇಕು. ಪ್ರಯೋಗಾಲಯದ ಹಳೆಯ ದಾಖಲೆ ಇಲ್ಲದಿದ್ದರೆ ನೀರಿನ ಗುಣಮಟ್ಟವೂ ಹೋಗಬೇಕು. ಪಂಪಿನ ವಿಧ, ನೀರಿನ ಮೂಲ, ನಿರ್ಮಾಣದ ವರ್ಷ, ಸಮುದ್ರಮಟ್ಟದಿಂದ ಎತ್ತರ, ನಿರ್ವಹಣೆ ಯಾರದು ಎಂಬುವು ಉಳಿಯುತ್ತವೆ. ಇದರಿಂದ ಮಾದರಿಯ ಅಂಕ ಇಳಿಯುತ್ತದೆ. ಇಳಿದ ಆ ಅಂಕವೇ ನಿಮ್ಮ ನಿಜವಾದ ಅಂಕ.

ಈ ಫೈಲಿನ ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಪ್ರತಿ ತಾಣದ ಬಗ್ಗೆ ಒಂದೇ ಭೇಟಿಯ ದಾಖಲೆ ಇದೆ. ಇಂದು ಚೆನ್ನಾಗಿರುವ ಯಾವ ಪಂಪು ಮುಂದಿನ ತಿಂಗಳು ಕೆಡುತ್ತದೆ ಎಂಬುದನ್ನು ಇದರಿಂದ ಕಲಿಯಲು ಆಗುವುದಿಲ್ಲ. ಯಾವುದು ಈಗಾಗಲೇ ಕೆಟ್ಟಿರಬಹುದು ಎಂಬುದನ್ನಷ್ಟೇ ಕಲಿಯಬಹುದು. ನಮ್ಮ ವಾಕ್ಯ ಕೇಳಿದ್ದೂ ಅಷ್ಟನ್ನೇ.

ಮಾದರಿ, ಪರೀಕ್ಷೆ

ಮಾದರಿ ಕಟ್ಟುವ ಭಾಗ ಬೇಗ ಮುಗಿಯುತ್ತದೆ. 'ಕಾನ್‌ಸ್ಟಂಟ್', 'ಟ್ರೀ', 'ಲಾಜಿಸ್ಟಿಕ್ ರಿಗ್ರೆಷನ್', 'ರ‍್ಯಾಂಡಮ್ ಫಾರೆಸ್ಟ್' ಎಂಬ ನಾಲ್ಕು ವಿಜೆಟ್‌ಗಳನ್ನು ಇಟ್ಟು, ಅವನ್ನೂ ಮಾಹಿತಿಯನ್ನೂ 'ಟೆಸ್ಟ್ ಅಂಡ್ ಸ್ಕೋರ್' ವಿಜೆಟ್‌ಗೆ ಜೋಡಿಸಿ. ಕಾನ್‌ಸ್ಟಂಟ್ ಏನನ್ನೂ ಕಲಿಯುವುದಿಲ್ಲ, ಎಲ್ಲ ತಾಣಗಳೂ ಕೆಲಸ ಮಾಡುತ್ತಿವೆ ಎಂದೇ ಹೇಳುತ್ತದೆ. ಆದರೂ ಅದರ ಉತ್ತರ 54.3 ಶೇಕಡಾ ಸರಿ ಇರುತ್ತದೆ. ಉಳಿದ ಮಾದರಿಗಳನ್ನು ಅಳೆಯಬೇಕಾದದ್ದು ಇಲ್ಲಿಂದ ಮೇಲಕ್ಕೆ. ರ‍್ಯಾಂಡಮ್ ಫಾರೆಸ್ಟ್‌ನಲ್ಲಿ ಮರಗಳ ಸಂಖ್ಯೆ ಹತ್ತು ಎಂದಿರುತ್ತದೆ, ಅದನ್ನು ನೂರಕ್ಕೆ ಏರಿಸಿ. ನೀರಿನ ಪ್ರಮಾಣವನ್ನೂ ಸೇರಿಸಿ ಎಲ್ಲ ಕಾಲಂ ಬಳಸಿದವರು ಹೆಚ್ಚು ಶ್ರಮವಿಲ್ಲದೆ 80 ಶೇಕಡಾ ಆಸುಪಾಸು ಮುಟ್ಟುತ್ತಾರೆ. ಟ್ರೀ ಅಷ್ಟು ನಿಖರವಲ್ಲ. ಆದರೆ ಅದನ್ನು ಮೂರು ನಾಲ್ಕು ಹಂತಕ್ಕೆ ಮಿತಿಗೊಳಿಸಿ 'ಟ್ರೀ ವ್ಯೂವರ್'ನಲ್ಲಿ ತೆರೆದರೆ ಮಾದರಿ ಹೇಗೆ ಯೋಚಿಸಿತು ಎಂಬುದನ್ನು ರಿಪೇರಿ ತಂಡದವರೊಂದಿಗೆ ಕೂತು ಓದಬಹುದು. ಆ ಓದಿನಲ್ಲಿ ಅವರು ತೋರಿಸುವ ದೋಷಗಳಿಗೆ ಬೆಲೆ ಕಟ್ಟಲಾಗದು.

ಪರೀಕ್ಷೆಯ ವಿಧಾನದ ಬಗ್ಗೆ ಮಾತ್ರ ನಿಧಾನಿಸಬೇಕು. ಟೆಸ್ಟ್ ಅಂಡ್ ಸ್ಕೋರ್ ತಾನಾಗಿಯೇ ಸಾಲುಗಳನ್ನು ಕಲಸಿ, ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಹಂಚುತ್ತದೆ. ಒಂದೇ ಹಳ್ಳಿಯಲ್ಲಿ, ಒಂದೇ ಕೊಳವೆಯಿಂದ ನೀರು ಬರುವ ಹತ್ತು ನಲ್ಲಿಗಳಿವೆ ಎನ್ನಿ. ಕೊಳವೆ ಒಡೆದರೆ ಹತ್ತೂ ಕೆಡುತ್ತವೆ. ಎಂಟು ಕಲಿಕೆಗೆ ಹೋಗಿ ಎರಡು ಪರೀಕ್ಷೆಗೆ ಬಂದರೆ ಮಾದರಿ ಪಕ್ಕದ ನಲ್ಲಿಯನ್ನು ನೋಡಿ ಉತ್ತರ ಹೇಳಿದಂತಾಯಿತು. ನಮ್ಮ ವಾಕ್ಯದಲ್ಲಿ ಇರುವುದು ಸರ್ವೆಯವರು ತಲುಪದ ಪ್ರದೇಶ, ಅಲ್ಲಿ ಪಕ್ಕದ ನಲ್ಲಿಯ ಸ್ಥಿತಿಯೂ ಗೊತ್ತಿರುವುದಿಲ್ಲ.

ಇದಕ್ಕೆ ಆರೆಂಜ್‌ನಲ್ಲೇ ಪರಿಹಾರ ಇದೆ. ತಾಂಜಾನಿಯಾವನ್ನು ಈ ಫೈಲು ಒಂಬತ್ತು ಜಲಾನಯನ ಪ್ರದೇಶಗಳಾಗಿ ವಿಂಗಡಿಸಿದೆ: ವಿಕ್ಟೋರಿಯಾ ಸರೋವರ, ಪಂಗಾನಿ, ರುಫಿಜಿ ಇತ್ಯಾದಿ. 'ಸೆಲೆಕ್ಟ್ ಕಾಲಮ್ಸ್'ನಲ್ಲಿ ಬೇಸಿನ್ ಕಾಲಂ ಅನ್ನು ಮೆಟಾಕ್ಕೆ ಸರಿಸಿ, ಜಿಲ್ಲೆ, ವಾರ್ಡ್‌ಗಳಂಥ ಸ್ಥಳದ ಕಾಲಂಗಳನ್ನು ತೆಗೆದು, 'ಕ್ರಾಸ್ ವ್ಯಾಲಿಡೇಷನ್ ಬೈ ಫೀಚರ್' ಆಯ್ಕೆ ಮಾಡಿ. ಎಂಟು ಜಲಾನಯನಗಳಿಂದ ಕಲಿತು ಒಂಬತ್ತನೆಯದನ್ನು ಊಹಿಸುವ ಪರೀಕ್ಷೆ ಸರದಿಯಂತೆ ನಡೆಯುತ್ತದೆ. ಅಂಕ ಮತ್ತೆ ಇಳಿಯುವುದನ್ನು ನಿರೀಕ್ಷಿಸಿ. ಎಷ್ಟು ಇಳಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಮೇಲಧಿಕಾರಿಗೆ ವರದಿ ಕೊಡುವಾಗ ಹೇಳಬೇಕಾದ ಸಂಖ್ಯೆ ಇದು.

ನಿಖರತೆಯ ಶೇಕಡಾವಾರಿಗಿಂತ ಪಟ್ಟಿಯ ಮೇಲ್ಭಾಗ ನಮಗೆ ಮುಖ್ಯ. ಟೆಸ್ಟ್ ಅಂಡ್ ಸ್ಕೋರ್‌ನಿಂದ 'ಪ್ರೆಡಿಕ್ಷನ್ಸ್' ಗೆರೆಯನ್ನು ಡೇಟಾ ಟೇಬಲ್‌ಗೆ ಎಳೆದು, ಕೆಟ್ಟಿರುವ ಸಂಭಾವ್ಯತೆಯ ಕಾಲಂ ಮೇಲೆ ಇಳಿಕೆಯ ಕ್ರಮದಲ್ಲಿ ಜೋಡಿಸಿ. ಮೊದಲ 200ರಲ್ಲಿ ನಿಜವಾಗಿ ಕೆಟ್ಟವು ಎಷ್ಟು ಎಂದು ಎಣಿಸಿ. ಕಣ್ಣುಮುಚ್ಚಿ 200 ಆರಿಸಿದರೂ ಸುಮಾರು 77 ಕೆಟ್ಟಿರುತ್ತವೆ. 'ಹಳೆಯ ಪಂಪಿಗೆ ಮೊದಲು ಹೋಗು' ಎಂಬ ಒಂದು ಸಾಲಿನ ನಿಯಮದಿಂದ 200 ಆರಿಸಿ ಅದನ್ನೂ ಎಣಿಸಿ. ಮಾದರಿ ಈ ನಿಯಮಕ್ಕಿಂತ ಗಮನಾರ್ಹವಾಗಿ ಮೇಲಿಲ್ಲದಿದ್ದರೆ ನಿಯಮವನ್ನೇ ಬಳಸಿ. ಅದು ಎಲ್ಲರಿಗೂ ಅರ್ಥವಾಗುತ್ತದೆ, ಗೋಡೆಯ ಮೇಲೆ ಬರೆಯಬಹುದು.

'ಕನ್‌ಫ್ಯೂಷನ್ ಮ್ಯಾಟ್ರಿಕ್ಸ್' ತೆರೆದರೆ ಇನ್ನೊಂದು ಸಂಗತಿ ಕಾಣುತ್ತದೆ. 'ರಿಪೇರಿ ಬೇಕು' ಎಂಬ ಗುಂಪಿನ ಬಹುಪಾಲು ತಾಣಗಳನ್ನು ಮಾದರಿ ಗುರುತಿಸುವುದೇ ಇಲ್ಲ. ಒಟ್ಟು ಫೈಲಿನಲ್ಲಿ ಅವು 7.3 ಶೇಕಡಾ ಮಾತ್ರ, ತಪ್ಪಿಸಿದರೂ ಒಟ್ಟು ಅಂಕಕ್ಕೆ ಹೆಚ್ಚು ಪೆಟ್ಟಿಲ್ಲ. ಆದರೆ ಒಂದು ವಾಷರ್ ಬದಲಿಸಿ ಉಳಿಸಿಕೊಳ್ಳಬಹುದಾದ ಪಂಪುಗಳು ಇರುವುದು ಆ ಗುಂಪಿನಲ್ಲೇ.

ಮಾದರಿ ಹೇಳದ ಮಾತುಗಳು

ವರ್ಷಕ್ಕೊಮ್ಮೆ ಹಣ ಕಟ್ಟುವ ಕಡೆ ಸುಸ್ಥಿತಿಯ ಪಂಪುಗಳು ಹೆಚ್ಚಿವೆ, ಏನೂ ಕಟ್ಟದ ಕಡೆ ಕಡಿಮೆ. ಇದನ್ನು ನೋಡಿದ ಕೂಡಲೇ ಎಲ್ಲೆಡೆ ನೀರಿಗೆ ಶುಲ್ಕ ಹಾಕಿದರೆ ಪಂಪುಗಳು ಸರಿಯಾಗುತ್ತವೆ ಎಂದು ಹೇಳಲು ಮನಸ್ಸಾಗುತ್ತದೆ. ಹಣ ಕಟ್ಟುವುದರಿಂದ ರಿಪೇರಿ ನಡೆಯುತ್ತಿರಬಹುದು. ಪಂಪು ಕೆಟ್ಟಿದ್ದಕ್ಕೇ ಜನ ಹಣ ಕಟ್ಟುವುದನ್ನು ಬಿಟ್ಟಿರಬಹುದು. ಎರಡೂ ಒಳ್ಳೆಯ ಸಮಿತಿಯಿರುವ ಊರಿನ ಗುಣ ಇರಬಹುದು. ಈ ಮೂರರಲ್ಲಿ ಯಾವುದು ನಿಜ ಎಂದು ಈ ಸಾಧನ ಹೇಳಲಾರದು. ಅದು ಕಪ್ಪೆ ಮದುವೆಯ ಜಾತಿಯ ಪ್ರಶ್ನೆ, ಅದಕ್ಕೆ ಬೇರೆ ಬಗೆಯ ಅಧ್ಯಯನ ಬೇಕು.

ಊಹಿಸಿದ ಸಂಗತಿಯೂ ನಮಗೆ ಬೇಕಾದ ಸಂಗತಿಯೂ ಒಂದೇ ಎಂದುಕೊಳ್ಳುವುದು ಇನ್ನೂ ದೊಡ್ಡ ಅಪಾಯ. ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕು ಎಂದು ಆರಿಸಲು ಬಳಸುತ್ತಿದ್ದ ಒಂದು ಮಾದರಿಯನ್ನು ಓಬರ್‌ಮೈಯರ್ ಮತ್ತು ಸಂಗಡಿಗರು 2019ರಲ್ಲಿ ಪರಿಶೀಲಿಸಿದರು. ಆ ಮಾದರಿ ಕಾಯಿಲೆಯ ಬದಲು ಚಿಕಿತ್ಸೆಯ ಖರ್ಚನ್ನು ಊಹಿಸುತ್ತಿತ್ತು. ಕಪ್ಪು ವರ್ಣೀಯರ ಮೇಲೆ ಮೊದಲಿನಿಂದಲೂ ಕಡಿಮೆ ಖರ್ಚಾಗಿದ್ದರಿಂದ, ಹೆಚ್ಚು ಕಾಯಿಲೆ ಇದ್ದರೂ ಅವರಿಗೆ ಕಡಿಮೆ ಅಂಕ ಸಿಗುತ್ತಿತ್ತು. ಈ ದೋಷ ಸರಿಪಡಿಸಿದರೆ ನೆರವು ಪಡೆಯುವವರಲ್ಲಿ ಅವರ ಪಾಲು 17.7 ಶೇಕಡಾದಿಂದ 46.5 ಶೇಕಡಾಕ್ಕೆ ಏರುತ್ತದೆ ಎಂದು ಅವರು ತೋರಿಸಿದರು. ನಮ್ಮ ಪಟ್ಟಿಗೂ ಇದು ಅನ್ವಯಿಸುತ್ತದೆ. ಕೆಟ್ಟಿರುವ ಸಾಧ್ಯತೆ ಹೆಚ್ಚಿರುವ ಪಂಪು ಮೊದಲು ರಿಪೇರಿಯಾಗಬೇಕಾದ ಪಂಪೇ ಆಗಿರಬೇಕಿಲ್ಲ. ಪಕ್ಕದಲ್ಲೇ ಇನ್ನೆರಡು ನಲ್ಲಿಗಳಿರುವ ಊರು, ಇದೊಂದನ್ನೇ ನಂಬಿರುವ ಊರು ಎರಡನ್ನೂ ಮಾದರಿ ಒಂದೇ ಕಣ್ಣಿನಿಂದ ನೋಡುತ್ತದೆ. ಆ ಆದ್ಯತೆಯನ್ನು ಮನುಷ್ಯರು ಕೂತು ನಿರ್ಧರಿಸಬೇಕು.

ಪಂಪುಗಳಿಂದ ಮನುಷ್ಯರ ದಾಖಲೆಗಳಿಗೆ ಹೋಗುವ ಮುನ್ನ ನೆದರ್‌ಲ್ಯಾಂಡ್ಸಿನ ಕಥೆಯನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ವಂಚನೆ ಹುಡುಕಲು ಅಲ್ಲಿನ ತೆರಿಗೆ ಇಲಾಖೆ ಬಳಸಿದ ಮಾದರಿಯಲ್ಲಿ, ಅರ್ಜಿದಾರರು ಡಚ್ ಪ್ರಜೆಗಳೇ ಅಲ್ಲವೇ ಎಂಬುದೂ ಅನುಮಾನಕ್ಕೆ ಒಂದು ಕಾರಣವಾಗಿತ್ತು. ಸಾವಿರಾರು ಕುಟುಂಬಗಳನ್ನು ವಂಚಕರೆಂದು ಕರೆದು, ಪಡೆದ ಹಣವನ್ನೆಲ್ಲ ಹಿಂದಿರುಗಿಸುವಂತೆ ಒತ್ತಾಯಿಸಲಾಯಿತು. ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು. ಶಾಲೆ ಬಿಡುವ ಮಕ್ಕಳು, ಪಡಿತರ, ಪಿಂಚಣಿ ಇಂಥ ವಿಷಯಗಳಿಗೆ ಮಾದರಿ ಕಟ್ಟುವವರು ಸವಲತ್ತು ತಲುಪಿಸಲು ಅದನ್ನು ಬಳಸಬಹುದು. ಸವಲತ್ತು ಕಸಿಯಲು, ಕೇಳುವ ಅವಕಾಶ ಕೊಡದೆ ಶಿಕ್ಷಿಸಲು ಬಳಸಲೇಬಾರದು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಹೆಸರು, ಆಧಾರ್ ಸಂಖ್ಯೆ ಇರುವ ಫೈಲನ್ನು ಅಭ್ಯಾಸಕ್ಕೆಂದು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಡಿ.

ನಮ್ಮೂರಿಗೆ

ಕರ್ನಾಟಕದಲ್ಲೂ ಈ ದಾರಿಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್, ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಡೆಂಗ್ಯೂ ಮುನ್ಸೂಚನೆಯ ಮೇಲೆ ಕೆಲಸ ಮಾಡಿದೆ. ಆದರೆ ನಿಮ್ಮ ಪಂಚಾಯಿತಿಯ ಕೊಳವೆಬಾವಿ, ಕೈಪಂಪುಗಳಿಗೆ ಮಾದರಿ ಬೇಕೆಂದರೆ ದೊಡ್ಡ ಸಂಸ್ಥೆಗಾಗಿ ಕಾಯಬೇಕಿಲ್ಲ. ಮೊದಲು ಬೇಕಾದದ್ದು ತಾಂಜಾನಿಯಾದ ಫೈಲಿನಲ್ಲಿ ಇಲ್ಲದ ಸಂಗತಿ, ಅಂದರೆ ಕಾಲಕಾಲಕ್ಕೆ ತುಂಬಿದ ದಾಖಲೆ. ನೀರಗಂಟಿಯ ಜೊತೆ ಕೂತು ಒಂದು ಪುಸ್ತಕ ತೆರೆಯಿರಿ. ಪ್ರತಿ ತಾಣಕ್ಕೂ ಒಂದು ಸಂಖ್ಯೆ, ಕೊರೆದ ವರ್ಷ, ಆಳ, ಪಂಪಿನ ವಿಧ, ಕೊನೆಯ ರಿಪೇರಿಯ ದಿನಾಂಕ ಮತ್ತು ಏನು ಬದಲಿಸಿದರು ಎಂಬ ವಿವರ ಇರಲಿ. ತಿಂಗಳಿಗೊಮ್ಮೆ ಹೊಸ ಸಾಲಿನಲ್ಲಿ ಆ ದಿನದ ಸ್ಥಿತಿ ಬರೆಯಲಿ. ಗೊತ್ತಿಲ್ಲದ ಕಡೆ ಸೊನ್ನೆ ಬರೆಯದೆ ಖಾಲಿ ಬಿಡಲಿ. ಎರಡು ಬೇಸಿಗೆ ದಾಟಿದ ಮೇಲೆ ಆ ಪುಸ್ತಕವನ್ನು ಟೈಪು ಮಾಡಿ ಆರೆಂಜ್‌ಗೆ ಹಾಕಬಹುದು. ಮೊದಲ ಬೇಸಿಗೆಯಿಂದ ಕಲಿತು ಎರಡನೆಯದನ್ನು ಊಹಿಸುವ ಪರೀಕ್ಷೆ ಆಗ ಸಾಧ್ಯ.

ಪಟ್ಟಿ ಬಳಕೆಗೆ ಬಂದ ಮೇಲೂ ಒಂದು ನಿಯಮ ಇಟ್ಟುಕೊಳ್ಳಿ. 20 ಭೇಟಿಗಳ ಶಕ್ತಿ ಇದ್ದರೆ 17ನ್ನು ಮಾದರಿ ಹೇಳಿದ ಕಡೆ ಮಾಡಿ, ಉಳಿದ 3ನ್ನು ಚೀಟಿ ಎತ್ತಿ ಆರಿಸಿ. ಮಾದರಿ ಹೇಳಿದಲ್ಲಿಗೆ ಮಾತ್ರ ಹೋಗುತ್ತಿದ್ದರೆ ಮುಂದಿನ ವರ್ಷದ ದಾಖಲೆಯಲ್ಲಿ ಅವೇ ಊರುಗಳು ತುಂಬಿಕೊಳ್ಳುತ್ತವೆ, ಅದು ಬಿಟ್ಟುಬಿಟ್ಟ ಊರುಗಳಲ್ಲಿ ಏನಾಗುತ್ತಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ಆ ಮೂರು ಭೇಟಿಗಳ ಫಲಿತಾಂಶವನ್ನು ಪುಸ್ತಕದಲ್ಲಿ ಬೇರೆ ಶಾಯಿಯಲ್ಲಿ ಬರೆದು, ಮುಂದಿನ ಸಲ ಮಾದರಿಯನ್ನು ಪರೀಕ್ಷಿಸುವಾಗ ಮೊದಲು ಅವುಗಳನ್ನೇ ನೋಡಿ.